ಗಿಣ್ಣದ ಡಬ್ಬಿ

ಕೌಲ್ ಬಜಾರಿನ ನನ್ನ ಅಂಗಡಿಯ ಫ್ರೀಜರಿನಲ್ಲಿ
ಪಿಸ್ತಾ ಕುಲ್ಫಿಗೂ ಮಲಾಯಿಗೂ ನಡುವೆ
ಇಪ್ಪತ್ತಾರು ದಿನ ಒಂದು ಸ್ಟೀಲಿನ ಡಬ್ಬಿ ಇತ್ತು.
ಮುಚ್ಚಳದ ಮೇಲೆ ಮಾಬುನ್ನಿ ಕಾಡಿಗೆಯಲ್ಲಿ ಬರೆದಿದ್ದಳು:
ಮುಟ್ಟಬ್ಯಾಡ್ರಿ.

ಸಕ್ಕರಿಯ ಹಾಲು ಅದು.
ಎಷ್ಟೋ ಮದುಮಕ್ಕಳನ್ನು ಹೊತ್ತು
ಬ್ಯಾಂಡಿನ ಸದ್ದಿಗೂ ಕಿವಿ ಅಲುಗಿಸದ ಬಿಳಿ ಕುದುರೆ
ಒಂಬತ್ತೂವರೆ ತಿಂಗಳಿಗೇ ಕೆಚ್ಚಲು ಬಿಟ್ಟಿತ್ತು.
ಹನ್ನೊಂದು ತುಂಬಬೇಕಾದ ಬಸಿರು.
ತೊಡೆಯ ಒಳಬದಿಗೆ ಹಾಲು ಹರಿದು ಒಣಗಿ
ಸುಣ್ಣ ಬಳಿದ ಹಾಗೆ.

"ಹಾಲು ಬಂದ್ರ ಒಳ್ಳೇದಲ್ಲೇನು?" ಅಂದೆ.
ಡಾಕ್ಟರ್ ಹುಲಿಗೆಮ್ಮ ಭುಜದವರೆಗಿನ ಗ್ಲೌಸು ಕಳಚುತ್ತ
"ಮಾಸಿಗೆ ನಂಜೇರಿದೆ.
ಮರಿ ಹುಟ್ಟುವ ಮುಂಚೆಯೇ ಅದರ ಮೊದಲ ಊಟ ಸೋರ್ತಿದೆ.
ಹಿಡಿದಿಡ್ರಿ."

ಮಾಬುನ್ನಿ ಮೂರು ಲಗ್ನದ ಮುಂಗಡ ವಾಪಸು ಕೊಟ್ಟಳು.
ಗುಳಿಗೆ ಕುಟ್ಟಿ ಬೆಲ್ಲದಲ್ಲಿ ಉಂಡೆ ಕಟ್ಟಿದಳು.

ಇನ್ನು ಈ ಊರಿನ ಬಿಸಿಲು. ಕೋಟೆಗುಡ್ಡದ ಬಂಡೆ
ನಡುರಾತ್ರಿಯೂ ರೊಟ್ಟಿಹಂಚು.
ನಾಲ್ಕು ತಾಸು ಕರೆಂಟು ಹೋದ ದಿನ
ಕುಲ್ಫಿಯನ್ನೆಲ್ಲ ಓಣಿಯ ಹುಡುಗರಿಗೆ ಹಂಚಿ
ಐಸು ಉಪ್ಪು ಅಷ್ಟನ್ನೂ ಆ ಡಬ್ಬಿಯ ಸುತ್ತ ಒತ್ತಿದೆ.
ಅವಳಿಗೆ ಹೇಳಲಿಲ್ಲ. ಲೆಕ್ಕ ಬರೆಯಲೂ ಇಲ್ಲ.

"ಪೊಂಪಣ್ಣಾ, ಚಾಕು!"

ಮೊದಲು ಬಿಳಿ ಪೊರೆ ಕಾಣಬೇಕಂತೆ.
ಕಂಡದ್ದು ಕೆಂಪು,
ಮದುಮಗನ ಪೇಟದ ಮಖಮಲ್ಲಿನ ಕೆಂಪು.
ಫೋನಿನಲ್ಲಿ ಡಾಕ್ಟರು: ಕಾಯಬ್ಯಾಡ್ರಿ, ಕೊಯ್ರಿ,
ಒಳಗೆ ಅದಕ್ಕೆ ಉಸಿರಿಲ್ಲ.
ಇಪ್ಪತ್ತು ವರ್ಷ ಕುಲ್ಫಿ ಬಿಲ್ಲೆ ಕತ್ತರಿಸಿದ ನನ್ನ ಕೈ
ನಡುಗಿತು.
ಮಾಬುನ್ನಿ ಚಾಕು ಕಸಿದುಕೊಂಡಳು.
ನಾನು ಟಾರ್ಚು ಹಿಡಿದೆ, ಅದೂ ಓರೆಯಾಗಿ.

ಬಿಳಿ ತಾಯಿಗೆ ಕಪ್ಪು ಮರಿ.
ಎಲುಬು, ಒದ್ದೆ, ಜೋತ ಕಿವಿ.
ಗೊರಸಿನ ತುದಿಗೆಲ್ಲ ಹಳದಿ, ಮೆತ್ತನೆಯ
ನೆನೆಸಿದ ಮಂಡಕ್ಕಿಯಂಥದೇನೋ.
ಇದೇನು ರೋಗವೆಂದು ಹೆದರಿದೆ.
"ತಾಯಿ ಹೊಟ್ಟಿ ಹರೀಬಾರದಂತ
ಒಳಗ ಹಾಕ್ಕೊಂಡ ಚಪ್ಪಲಿ ಅದು, ನಡದ್ರ ಬೀಳ್ತಾವ."

ಡಬ್ಬಿಯನ್ನು ಬೆಚ್ಚನೆ ನೀರಲ್ಲಿಟ್ಟೆವು. ಕುದಿಸಬಾರದು.
ಪಕ್ಕದ ಮನೆಯ ಕೂಸಿನ ಬಾಟಲಿ.
ಮೊದಲ ಗುಟುಕು ಗದ್ದಕ್ಕೆ ಚೆಲ್ಲಿತು.
ಎರಡನೆಯದಕ್ಕೆ ನಾಲಿಗೆ ಸುರುಳಿಯಾಯಿತು.

ನಾಲ್ಕು ಸಲ ಎದ್ದು ಬಿತ್ತು.
ಐದನೆಯದನ್ನು ನೋಡಲಿಲ್ಲ,
ಹಾಲಿನವನು ಅಂಗಡಿ ಬಾಗಿಲು ಬಡಿಯುತ್ತಿದ್ದ.
ಚಾಕು ಕುದಿಸಿ ತೊಳೆದು ಮರಳಿ ಬಂದಾಗ
ಹಾಸುಗಲ್ಲಿನ ಮೇಲೆ ಹಳದಿ ಚೂರುಗಳು,
ಅವನ್ನು ಕುಕ್ಕಿ ಕುಕ್ಕಿ ನೋಡುತ್ತಿರುವ
ಮಾಬುನ್ನಿಯ ಕೋಳಿ.