ನಡುವಿನ ಅಕ್ಷರ

ಕಾಲುಂಗುರ, ಮುರಿದ ಉಡಿದಾರದ ತುಂಡುಗಳ ಜೊತೆ
ತೂಕಕ್ಕೆ ಬಂದದ್ದು. ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ
ಹಳೇ ಬೆಳ್ಳಿ ಕೊಳ್ಳುವ ಖಲಂದರ್ ಸಾಬರು
ಕರಗಿಸುವ ಮುನ್ನ ಉಗುರಿನಿಂದ ಕೆರೆದು ನೋಡಿ
'ಇದರಲ್ಲಿ ದೊರೆ ಇದ್ದಾನೆ ಕಣಮ್ಮ' ಅಂತ
ಬನಿಯನ್ನಿನ ಚೂರಲ್ಲಿ ಸುತ್ತಿ ತಂದರು.

ಇದ್ದ. ಮೂಗು ಸವೆದಿತ್ತು, ಪೇಟ ಮಾತ್ರ ಜಂಬದಲ್ಲೇ.
ಹಿಂದೆ ಎರಡು ತಲೆಯ ಹಕ್ಕಿ, ಒಂದು ತಲೆ ನುಣ್ಣಗೆ.
ಅಂಚಿನ ಸುತ್ತ, ಮೈಸೂರಿನ ಯಾವನೋ ಕೆತ್ತುಗಾರ
ಊಟದ ಹೊತ್ತು ಮೀರಿದ ಅವಸರದಲ್ಲಿ ಹೊಡೆದ ಅಕ್ಷರ:
ಹಾಸನ ಕಸಬೆ. ಜ. ಆಮೇಲೆ ಏನೋ. ಆಮೇಲೆ ರ.

'ಪಡೆದವರು' ಅಂತ ಒಂದು ಗೆರೆ ಇದೆ ನಮ್ಮ ಮ್ಯೂಸಿಯಂ ಕಾರ್ಡಿನಲ್ಲಿ.
ಅದು ತುಂಬದೆ ಗಾಜಿನ ಪೆಟ್ಟಿಗೆಗೆ ಪ್ರವೇಶವಿಲ್ಲ.
ಧರಣೇಂದ್ರಯ್ಯ ಸಾಹೇಬರು ಕನ್ನಡಕ ಹಣೆಗೇರಿಸಿ
'ಜವರ, ಇನ್ನೇನು! ಈ ಸೀಮೆಯಲ್ಲಿ ಕಲ್ಲೆಸೆದರೆ
ಯಾರಾದರೊಬ್ಬ ಜವರನಿಗೇ ಬೀಳುತ್ತೆ' ಅಂದರು.
ತೊಂದರೆಯೂ ಅದೇ.

ರೆಕಾರ್ಡು ರೂಮಿನಲ್ಲಿ ಒಂಬತ್ತು ದಿನ ಸೀನುತ್ತ ಕೂತೆ.
ದುದ್ದದ ಪಟೇಲ ಜವರೇಗೌಡ, ಸ್ಕೂಲಿಗೆ ತೊಲೆ ಕೊಟ್ಟವನು.
ದಫೇದಾರ ಜವರಯ್ಯ, ಕುದುರೆಯಿಂದ ಬಿದ್ದು ಪಿಂಚಣಿ ಪಡೆದವನು.
ಮತ್ತೆ, ಬರೀ ಜವರ. ತೋಟಿ. ಪ್ಲೇಗಿನ ವರ್ಷ
ಶೆಡ್ಡಿನಿಂದ ಹೊತ್ತದ್ದಕ್ಕೆ, ಹೆಣವೊಂದಕ್ಕೆ ಎರಡಾಣೆ.
ಸಹಿಯ ಜಾಗದಲ್ಲಿ ಹೆಬ್ಬೆಟ್ಟು, ಪಕ್ಕದಲ್ಲಿ ಇನ್ನಾರದೋ ಶರಾ:
'ಈತನು ಪುನಃ ಪುನಃ ಕೇಳಿಕೊಳ್ಳುತ್ತಾನೆ.'
ಏನನ್ನು ಅಂತ ಬರೆದಿಲ್ಲ.

ನನಗೆ ಅವನೇ ಆಗಲಿ ಅನ್ನಿಸಿತ್ತು. ನಿಜ ಹೇಳುತ್ತೇನೆ,
ಮೂರು ರಾತ್ರಿ ಮನಸ್ಸಿನಲ್ಲೇ ಅವನ ಹೆಸರನ್ನು
ಕಾರ್ಡಿನ ಮೇಲೆ ದುಂಡಗೆ ಬರೆದುಕೊಂಡೆ.

ಪಟೇಲರ ಮೊಮ್ಮಗ, ಲಾಯರ್ ಬೋರಲಿಂಗೇಗೌಡರು,
ಕಸಬೆಯಲ್ಲೂ ನಮ್ಮ ಮನೆ ಇತ್ತು ಅಂತ ಹೇಳುತ್ತಲೇ ಕಾರಿಳಿದರು.
ತಾತನ ಫೋಟೋ ತಂದಿದ್ದರು. ಕೋಟಿನ ಮೇಲೆ
ಏನೋ ಒಂದು ಹೊಳೆಯುತ್ತಿತ್ತು.
ಗುಂಡಿಯೂ ಇರಬಹುದು.

ತೂತನ್ನು ಯಾರೂ ನೋಡಿರಲಿಲ್ಲ.
ಪೇಟದ ನಡುಮಧ್ಯೆ, ಟಂಕಸಾಲೆಯದಲ್ಲ,
ಮನೆಯಲ್ಲೇ ಹೊಡೆದದ್ದು. ಪಟೇಲನಾದರೆ ಕಟ್ಟು ಹಾಕಿಸುತ್ತಿದ್ದ,
ದಫೇದಾರನಾದರೆ ರಿಬ್ಬನ್ನಿಗೆ ಹೊಲಿಸುತ್ತಿದ್ದ.
ಅಂಚಿನಲ್ಲಿ ಸಣ್ಣ ಸಣ್ಣ ಕಚ್ಚು: ಹಾಲುಹಲ್ಲಿನ ಯಾವುದೋ ಮಗು
ಕೊರಳಿನದನ್ನೇ ಎಳೆದು ಬಾಯಿಗಿಟ್ಟಿರಬೇಕು.

ಸಾಬರು ಮಸೂರ ಹಿಡಿದು 'ದುಂಡಗಿಲ್ಲ' ಅಂದರು.
'ಚೌಕ. ಲಾಳದ ಮೊಳೆ ಅಳತೆ. ನಮ್ಮಜ್ಜಂದು ಅದೇ ಕಸುಬು,
ನಾಲಬಂದಿ. ಎತ್ತು ಕೆಡವಿ, ಕಾಲು ಬಿಗಿದು,
ಎಂಟು ಮೊಳೆ ಬಾಯಲ್ಲಿ ಕಚ್ಚಿಕೊಂಡೇ ಬೈಯೋನು.'
ಆಮೇಲೆ ನನ್ನ ಕಡೆ ನೋಡದೆ, ಮೆಲ್ಲಗೆ:
'ನಡುವಿನ ಅಕ್ಷರ ಫ ಯಾಕಾಗಬಾರದು?'

ವ. ತಲೆ ಬಿಡಿಸಿದರೆ ಪ. ಕೆಳಗೊಂದು ಸೀಳಿದರೆ ಫ.
ಜವರ. ಜಫರ.
ಉಳಿಯ ಒಂದೆರಡು ಪೆಟ್ಟಿನಷ್ಟೇ ದೂರ.
ಪದಕದ ಮೇಲೆ ಆ ಜಾಗ ಹುಣಸೆಬೀಜದಂತೆ ನುಣುಪು.

ಮತ್ತೆ ಆರು ದಿನ ಸೀನಿದೆ. ಒಂದು ರಸೀತಿ ಸಿಕ್ಕಿತು:
'ಸವಾರಿ ಕ್ಯಾಂಪಿನ ಎತ್ತುಗಳಿಗೆ ಲಾಳ, ನಲವತ್ತೆರಡು ಜೊತೆ.'
ಹಣ ಸಂದಿದೆ. ಸಂದವನ ಹೆಸರಿನ ಮೇಲೆ
ಗೆದ್ದಲು ರಸ್ತೆ ಮಾಡಿಕೊಂಡಿದೆ.

ನಿನ್ನೆ ಸಾಬರು ಅಟ್ಟದಿಂದ ಅಜ್ಜನ ಡಬ್ಬ ಇಳಿಸಿ
ತುಕ್ಕು ತಿಂದ ಒಂದು ಮೊಳೆ ತಂದರು.
'ಕೂರುತ್ತಾ ನೋಡೋಣ, ಅಷ್ಟೇ.'
ನಾನು ಪದಕ ಹಿಡಿದೆ, ಅವರು ಒತ್ತಿದರು.
ಕೂತಿತು.

'ಕೂರದೆ ಏನು' ಅಂದರು ಧರಣೇಂದ್ರಯ್ಯ,
'ಎತ್ತು ಸಾಕಿದ ಪ್ರತಿ ಮನೆಯ ಗೂಡಲ್ಲೂ
ಇಂಥ ಮೊಳೆ ನಾಲ್ಕು ಬಿದ್ದಿರೋವು. ತೆಗೀರಿ ಅದನ್ನ.'

ಬರುತ್ತಿಲ್ಲ.
ಸೀಮೆಎಣ್ಣೆ ಬಿಟ್ಟಾಯಿತು. ಕೊಬ್ಬರಿಎಣ್ಣೆ ಬಿಟ್ಟಾಯಿತು.
ಇಕ್ಕಳ ಹಾಕಿದರೆ ದೊರೆಯೇ ಬಾಗುತ್ತಾನೆ.
ಸಾಬರು ಮೂರು ಸಲ ತಪ್ಪಾಯಿತು ಅಂದರು,
ನಾಲ್ಕನೇ ಸಲಕ್ಕೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಸಂಜೆ, ಪಾರ್ಕಿನ ಗೇಟು ಹಾಕುವ ಹೊತ್ತಿಗೆ,
'ಪಡೆದವರು' ಗೆರೆಯ ಮೇಲೆ ಪೆನ್ಸಿಲ್ಲಿನಲ್ಲಿ ಜ ಬರೆದು,
ಬೆರಳಗಲ ಜಾಗ ಬಿಟ್ಟು, ರ ಬರೆದೆ.
ಕೆಳಗೆ, ವಿವರ ಅಂತಿರುವಲ್ಲಿ, ಇಂಕಿನಲ್ಲಿ:
ಬೆಳ್ಳಿ. ಮೊಳೆ ಸಮೇತ.