ಕಾಟಾ

ಕಾರಟಗಿಯ ಸಿಂಧನೂರು ರಸ್ತಾದಾಗ
ಹದಿನೆಂಟು ವರ್ಷದಿಂದ ನಂದು ತೂಕದ ಕೆಲಸ.
ಭತ್ತದ ಲಾರಿ ಹತ್ತತಾವ, ಅಂಕಿ ಕುಣೀತಾವ,
ಚೀಟಿ ಹರದು ಕಿಟಕಿಯಿಂದ ಕೊಡತೀನಿ.
ನಮ್ಮ ಕಡಿ ಇದಕ್ಕ ಕಾಟಾ ಅಂತಾರ.
ಕೊನೀ ದೀರ್ಘ ತಗದ್ರ ಏನು ಉಳಿತೈತಿ
ಅಂತ ತಿಳದದ್ದು ಹೋದ ಯುಗಾದಿ ಮುಂದ,
ಬೆರಳ ತುದಿಯ ಒಂದು ಹನಿ ರಕ್ತ
ಮುನ್ನೂರಾ ಹನ್ನೆರಡು ತೂಗಿದಾಗ.

ಅವತ್ತಿಂದ ಶುರುವಾತು ನೋಡ್ರಿ.
ಹೊಟ್ಟಿನ ಧೂಳು ಉಸಿರಾಡೋ ಊರಾಗ
ಅನ್ನ ಬಿಟ್ಟೀನಿ, ಬಿಟ್ಟೀನಿ ಅಂತ ಡಂಗುರ ಹೊಡಕೊಂತ ತಿರುಗಿದೆ.
ಹಾಗಲಕಾಯಿ ರಸ, ಮೆಂತ್ಯದ ನೀರು,
ಬೀಗರು ಕಳಿಸಿದ ಹೆಸರಿಲ್ಲದ ಪುಡಿ.
ಹನ್ನೊಂದನೇ ದಿನ, ರಾತ್ರಿ ಪಾಳಿ ಮುಗಿಸಿ,
ಬಸ್ ಸ್ಟ್ಯಾಂಡ್ ಮುಂದ ಮೌಲಾಸಾಬನ ಗಾಡಿಗೆ ಹೋಗಿ
ಒಗ್ಗರಣಿ ಎರಡು ಪ್ಲೇಟು, ಮಿರ್ಚಿ ಏಳು.
ಎಣಿಸಿದವ ಅವನು, ನಾನಲ್ಲ.

ಮರುದಿನ ಉಪವಾಸ. ಅದರ ಮರುದಿನ ಸಿಟ್ಟು.
ಹುಲಿಗೆಮ್ಮ ತಾಟು ಇಡುವಾಗ
ನನ್ನ ಮುಖ ನೋಡೋದು ಬಿಟ್ಲು.
ಮನಿಗೊಂದು ಸಣ್ಣ ಕಾಟಾ ತಂದಿದ್ದೆ,
ದಿನಕ್ಕ ನಾಕು ಸಲ ಹತ್ತಿ ಇಳೀತಿದ್ದೆ.
ಇನ್ನೂರು ಗ್ರಾಂ ಹೆಚ್ಚಾದ್ರ
ಆ ಹೊತ್ತಿನ ಬಿಸಿಲೂ ನನಗ ಕತ್ತಲಿ.

ದವಾಖಾನಿ ಸಿಸ್ಟರ್ ಎಸ್ತೇರಮ್ಮ ಕೇಳಿದ್ಲು:
“ಯಂಕೋಬಣ್ಣ, ಲಾರಿ ಹತ್ತಿದ ಕೂಡ್ಲೆ ಚೀಟಿ ಹರೀತೀರೇನು?”
“ಎಲ್ಲೀದು ಸಿಸ್ಟರ್! ಇಂಜಿನ್ ಬಂದ್ ಆಗಬೇಕು,
ಕ್ಲೀನರ್ ಇಳೀಬೇಕು, ಗಾಡಿ ಅಲ್ಲಾಡೋದು ನಿಲ್ಲಬೇಕು,
ಆಮ್ಯಾಲ...”
ಅಂದವ ಅಲ್ಲೇ ತಡದೆ.
ಆಕಿ ಮತ್ತೇನೂ ಅನ್ನಲಿಲ್ಲ. ಗುಳಿಗಿ ತಪ್ಪಿಸಬ್ಯಾಡ್ರಿ ಅಂದು
ಮೂರು ತಿಂಗಳು ಮುಂದಿನ ತಾರೀಖು ಬರದು ಕೊಟ್ಲು.

ಮೂರು ತಿಂಗಳು!
ಒಂದು ರಾತ್ರಿಯ ಏಳು ಮಿರ್ಚಿಗೆ
ರಕ್ತ ಬ್ಯಾರೆ ಚೀಟಿ ಹರಿಯಂಗಿಲ್ಲಂತ,
ಸುಗ್ಗಿ ಪೂರ್ತಿಯ ಸರಾಸರಿ ಬರಕೊಂತೈತಂತ.

ಮೊದಲನೇ ತಿಂಗಳು ಏನೂ ಬಿಡಲಿಲ್ಲ.
ಕುಂತು ಉಂಡೆ. ಅಷ್ಟೇ.
ಎರಡು ಲಾರಿ ನಡುವ ನಿಂತು ನುಂಗೋನು
ಕಿಟಕಿ ಮುಚ್ಚಿ, ಡಬ್ಬಿ ಬಿಚ್ಚಿ, ಕಾಲು ಮಡಚಿದೆ.
ಹೊರಗ ಹಾರ್ನು. ಹೊಡೀಲಿ.
ಪುಂಡಿಪಲ್ಯದ ಹುಳಿ ಯಾವ ಹಲ್ಲಿಗೆ ಮೊದಲು ತಾಗತೈತಿ
ಅನ್ನೋದು ನಲವತ್ತೇಳನೇ ವಯಸ್ಸಿಗೆ ಗೊತ್ತಾತು.

ಆಮ್ಯಾಲ ಅನ್ನಕ್ಕ ಸರದಿ ಬದಲಾತು:
ರೊಟ್ಟಿ ಮುಂದ, ಹೆಸರುಕಾಳು, ಒಂದು ಚಮಚ ಶೇಂಗಾ ಹಿಂಡಿ,
ಸೋನಾ ಮಸೂರಿ ಕಟ್ಟಕಡೀಗೆ, ಒಂದು ಹಿಡಿ.
ಬೈಯಲಿಲ್ಲ ಅದಕ್ಕ. ನನ್ನ ಪಗಾರ ಅದರದು.
ಕಾಲುವಿ ಬರೋ ಮೊದಲು ಅನ್ನ ಅಂದ್ರ ಹಬ್ಬಕ್ಕ,
ಅಂತಿದ್ಲು ನಮ್ಮ ಅಜ್ಜಿ.
ಆ ಕಾಲ ಚಲೋ ಇತ್ತು ಅಂತ ಮಾತ್ರ
ಒಂದು ದಿನಾನೂ ಅನ್ನಲಿಲ್ಲ.

ರಾತ್ರಿ ಉಂಡು ಕಾಲುವಿ ದಂಡಿಗೆ ಮೂರನೇ ತೂಬಿನ ತನಕ.
ಕರೀಲಾರದೆ ಹುಲಿಗೆಮ್ಮ ಬಂದ್ಲು.
ಆಕಿಗೆ ಕಪ್ಪಿ ಅಂದ್ರ ಅಂಜಿಕಿ ಅಂತ
ನನಗ ಗೊತ್ತೇ ಇರಲಿಲ್ಲ.

ದಸರಾಕ್ಕ ಹೋಳಿಗಿ ಮೂರು ಉಂಡೆ, ತುಪ್ಪ ಸುರುವಿಕೊಂಡು.
ಮರುದಿನ ಉಪವಾಸ ಮಾಡಲಿಲ್ಲ.
ಮರುದಿನ ರೊಟ್ಟಿ, ಪಲ್ಯ, ಒಂದು ಹಿಡಿ ಅನ್ನ, ಮೂರನೇ ತೂಬು.
ಇಷ್ಟು ಸಣ್ಣದು ಮಾಡಾಕ
ನನಗ ಅರ್ಧ ವರ್ಷ ಹಿಡೀತು.

ಸಿಸ್ಟರ್ ಚೀಟಿ ನೋಡಿದ್ಲು: ಏಳೂವರಿ.
“ಇನ್ನೂ ಇಳೀಬೇಕು. ಅವಸರಿಲ್ಲ.”
ಮನೀ ಕಾಟಾದ ಮ್ಯಾಲ ಈಗ
ಹುಲಿಗೆಮ್ಮ ಉಪ್ಪಿನಕಾಯಿ ಭರಣಿ ಇಟ್ಟಾಳ.
ಭರಣಿ ತೂಕ ಯಾರೂ ಕೇಳಂಗಿಲ್ಲ.

ನಿನ್ನಿ ಸಂಜಿ ಖಾಲಿ ಲಾರಿಯೊಂದು ಹತ್ತಿತು.
ಖಾಲಿ ಗಾಡಿಗೂ ತೂಕ ಇರತೈತಿ,
ಅದನ್ನ ಮೊದಲು ಬರೀದಿದ್ರ
ಹೊತ್ತದ್ದೆಷ್ಟು ಅಂತ ಯಾವಾಗ್ಲೂ ತಿಳಿಯಂಗಿಲ್ಲ.
ಇಂಜಿನ್ ಬಂದ್ ಆತು. ಅಂಕಿ ನಿಂತವು.
ಡ್ರೈವರ್ ಕಿಟಕಿಗೆ ಬಂದು, ಎಲ್ಲಾರೂ ಕೇಳೋಹಂಗ,
“ಊಟ ಆತೇನಣ್ಣ?” ಅಂದ.

ಎಷ್ಟು, ಏನು, ಯಾಕ, ಮನಸಿನಾಗ ಲೆಕ್ಕ ಏಳಲಿಲ್ಲ.
ಆತಪಾ, ಅಂದೆ.