ಪಕ್ಕದಲ್ಲಿ ಕಾರಣ ಬರೆಯಿರಿ

ಗ್ರಿಮ್ಸ್‌ಬಿ ಕೌನ್ಸಿಲ್ಲಿನ ನೆಲಮಾಳಿಗೆಯಲ್ಲಿ
ಹನ್ನೊಂದು ವರ್ಷ ನನ್ನದು ಮಸಿ ಬಳಿಯುವ ಕೆಲಸ.
ಮುಖಕ್ಕಲ್ಲ, ಸಾಲಿಗೆ.

ಹಿಲ್ಡಾ ಬ್ರಾಕಲ್ಸ್‌ಬಿ ಕೇಳಿದ್ದು ಒಂದೇ ಕಡತ:
ಅರವತ್ತೊಂದರಲ್ಲಿ ಅನಾಥಾಲಯ ಸೇರಿದ ತಮ್ಮನದು.
ಹೋದ ಸಲ ನಲವತ್ತು ಹಾಳೆ ಕಳಿಸಿದ್ದೆ,
ಅಮಾವಾಸ್ಯೆಯ ಹಾಗೆ;
ಉಳಿದಿದ್ದು 'ಮತ್ತು', 'ಆದರೆ', ಒಂದು ಶೂ ಸೈಜು.

ಈಗ ಕಾನೂನು ತಿದ್ದಿದ್ದಾರೆ:
ಮುಚ್ಚಿದ ಪ್ರತಿ ಸಾಲಿನ ಪಕ್ಕ
ಯಾಕೆಂದು ಬರೆಯಬೇಕು, ಸಹಿ ಸಮೇತ.
ಮೇಲ್ಮಹಡಿಯವರು ಗೊಣಗುತ್ತಾರೆ, ಕೆಲಸ ದುಪ್ಪಟ್ಟು.

ಪೆನ್ನಿನ ಮುಚ್ಚಳ ತೆಗೆದು ಕೂತಿದ್ದೇನೆ.
ಹನ್ನೆರಡನೇ ಹಾಳೆ:
'ಹುಡುಗ ರಾತ್ರಿಯೆಲ್ಲ
ಅಕ್ಕನ ಹೆಸರು ಹಿಡಿದು ಕೂಗುತ್ತಾನೆ.'

ಇದನ್ನು ಯಾಕೆ ಮುಚ್ಚಿದ್ದೆ?
ಮಾರ್ಜಿನ್ನು ಬೆಳ್ಳಗೆ ಕೂತಿದೆ,
ನನ್ನ ಬೆರಳಿನ ಮಸಿಯನ್ನೇ ನೋಡುತ್ತ.